ದೊಡ್ಡಮ್ಮನ ತುಳಸಿಪುಡಿ

ವಸಂತ್ ಕುಂಜ್‌ನ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಮನೋರಮಾ ಬೆಳೆಸಿದ ತುಳಸಿ ದೆಹಲಿಯ ಹೊಗೆಗೂ ಬಗ್ಗಿರಲಿಲ್ಲ. ಅವರ ತಂಗಿಯ ಮಗಳು ಲಾವಣ್ಯಾ ಅದೇ ಮನೆಯಲ್ಲಿದ್ದು, ಹತ್ತಿರದ ಯೂನಿವರ್ಸಿಟಿಯಲ್ಲಿ ಔಷಧಿ ಗಿಡಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಎಲೆ ಒಣಗಿಸಿ ಪುಡಿ ಮಾಡಿಕೊಡುವುದನ್ನು ಮನೋರಮಾ ತಾವೇ ಮೈಮೇಲೆ ಹಾಕಿಕೊಂಡಿದ್ದರು.

ಪುಡಿಯ ಸಾರವನ್ನು ನೇರಳೆ ದ್ರಾವಣಕ್ಕೆ ಬಿಟ್ಟರೆ, ಅದರಲ್ಲಿ ಆಂಟಿಆಕ್ಸಿಡೆಂಟ್ ಶಕ್ತಿ ಇದ್ದಷ್ಟೂ ನೇರಳೆ ಕರಗಿ ಹಳದಿಯಾಗುತ್ತದಂತೆ. ಈ ಮನೆಯ ತುಳಸಿ ಪೇಟೆಯ ತುಳಸಿಯನ್ನೆಲ್ಲ ಮೀರಿಸಿತ್ತು. ಲಾವಣ್ಯಾಳ ಗೈಡ್, ಮೈಸೂರಿನ ಅಹಲ್ಯಾ ಮೇಡಂ, ಮುಂದಿನ ವಾರದ ಸೆಮಿನಾರಿನಲ್ಲಿ ಇದನ್ನೇ ಮಂಡಿಸು ಅಂದಿದ್ದರು. ಹುಡುಗಿಗೆ ಅದೇ ಮೊದಲ ವೇದಿಕೆ. ಮನೋರಮಾ ಊರಿಗೆಲ್ಲ ಫೋನು ಮಾಡಿ ಹೇಳಿಯೂ ಆಗಿತ್ತು.

ಭಾನುವಾರ ಎಂದಿಗಿಂತ ಬೇಗ ಎದ್ದ ಲಾವಣ್ಯಾ ದೇವರ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಒಣಗಿದ ಎಲೆಯ ಹರಿವಾಣ ದೇವರ ಮುಂದಿತ್ತು. ದೊಡ್ಡಮ್ಮ ಪದ್ಯ ಗುನುಗುತ್ತ ಅದರ ಮೇಲೆ ಧಾರಾಳವಾಗಿ ಅರಿಶಿನ ಉದುರಿಸುತ್ತಿದ್ದರು. ಹೊಸ ಗಾಡಿಯಾಗಲಿ, ಶಾಲೆಯ ಪುಸ್ತಕವಾಗಲಿ, ಒಳ್ಳೆಯ ಕೆಲಸಕ್ಕೆ ಹೊರಟದ್ದನ್ನು ಅರಿಶಿನ ಸೋಕಿಸದೆ ಕಳಿಸಿದವರಲ್ಲ ಅವರು.

“ಹೋದ ಸಲಾನೂ ಹಾಕಿದ್ರಾ ದೊಡ್ಡಮ್ಮ?”

“ಹಾಕದೆ ಕೊಡ್ತೀನೇನೆ? ಅರಿಶಿನಾನೂ ಔಷಧೀನೇ ಅಲ್ವಾ?”

“ಹೌದು. ಅದೇ ತೊಂದರೆ.”

ಆ ನೇರಳೆಯನ್ನು ತುಳಸಿ ಎಷ್ಟು ಕರಗಿಸಿತು, ಅರಿಶಿನ ಎಷ್ಟು, ಇನ್ನು ಹೇಳುವಂತಿಲ್ಲ ಎಂದಳು. ಯಾರಿಗೂ ತಿಳಿಯುವುದಿಲ್ಲವಲ್ಲ, ಸೆಮಿನಾರು ಮುಗಿಯಲಿ ಎಂದು ಮನೋರಮಾ ಅವಳ ಕೈ ಹಿಡಿದು ಬೇಡಿಕೊಂಡರು. ಲಾವಣ್ಯಾ ಸಿಡುಕಲಿಲ್ಲ. ಮೆಲ್ಲಗೆ ಕೈ ಬಿಡಿಸಿಕೊಂಡು, ಹಾಲ್‌ಗೆ ಬಂದು ಕೂತು ಅಹಲ್ಯಾ ಮೇಡಂಗೆ ಫೋನು ಹಚ್ಚಿದಳು.

“ಮೇಡಂ, ನನ್ನ ಸ್ಯಾಂಪಲ್‌ನಲ್ಲಿ ಅರಿಶಿನ ಸೇರಿಬಿಟ್ಟಿದೆ. ನಾನು ನೋಡ್ಕೋಬೇಕಿತ್ತು. ಸೆಮಿನಾರಿಂದ ನನ್ನ ಹೆಸರು ತೆಗೆದುಬಿಡಿ.”

ದೊಡ್ಡಮ್ಮನ ಹೆಸರೇ ಬರಲಿಲ್ಲ. ಸತ್ಯಕ್ಕಾಗಿ ರಾಜ್ಯವನ್ನೇ ಬಿಟ್ಟವರ ಕಥೆಯನ್ನು ಮನೋರಮಾ ಚಿಕ್ಕಂದಿನಿಂದ ಪದ್ಯದಲ್ಲಿ ಕೇಳಿ ಕಣ್ಣೊರೆಸಿಕೊಂಡವರು. ಅಂಥವರೊಬ್ಬರು ನೈಟಿ ತೊಟ್ಟು, ತಲೆ ಕೂಡ ಬಾಚದೆ ತಮ್ಮ ಸೋಫಾದ ಮೇಲೆ ಕೂತಿರುತ್ತಾರೆಂದು ಎಣಿಸಿರಲಿಲ್ಲ.

ಆ ಕಡೆಯಿಂದ ಮೇಡಂ, “ಸರಿ, ಮೊದಲಿಂದ ಮಾಡು” ಅಂದದ್ದು ಮನೋರಮಾರಿಗೂ ಕೇಳಿಸಿತು.

ಅವರು ಹರಿವಾಣವನ್ನು ಪಕ್ಕಕ್ಕಿಟ್ಟು ಬಂದು ಹುಡುಗಿಯ ಪಕ್ಕದಲ್ಲಿ ಕೂತರು.

“ಇವತ್ತು ಭಾನುವಾರ, ತುಳಸಿ ಕೀಳೋ ಹಾಗಿಲ್ಲ. ನಾಳೆ ಕಿತ್ತು, ತೊಳೆದು, ಬರೀ ನೆರಳಲ್ಲಿ ಒಣಗಿಸ್ತೀನಿ. ದೇವರಿಗೆ ದೂರದಿಂದ ತೋರಿಸ್ಲಾ?”

“ಎಷ್ಟು ದೂರ?”

“ನೀನು ಹೇಳಿದಷ್ಟು, ತಾಯಿ.”