ನೀರಿನಡಿಯ ಹಸಿರು ಹಾಸು

ಮನೆ ಬಿಟ್ಟು ಹೊರಡುವಾಗ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ವನಜಾಗೆ ಪ್ರತಿ ಸಲವೂ ಬಸ್‌ಸ್ಟಾಪ್ ತಲುಪುವಷ್ಟರಲ್ಲಿ ಎದೆ ಡವಡವ. ಮೈಸೂರಿನಲ್ಲಿ ಪಕ್ಕದ ಮನೆ ಸಿಲಿಂಡರ್ ಸಿಡಿದು ಹೊತ್ತಿ ಉರಿದದ್ದನ್ನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡವಳು. ಪರ್ತ್‌ನ ಕ್ಯಾನಿಂಗ್ಟನ್‌ಗೆ ಬಂದ ಮೇಲೆ ಅಡುಗೆಯೆಲ್ಲ ಕರೆಂಟಿನ ಒಲೆಯ ಮೇಲೆ. ಆದರೂ ಹುಟ್ಟುಗುಣ ಸುಟ್ಟರೂ ಹೋಗದು.

ಈಗ ಮನೆಯಲ್ಲಿದ್ದ ಒಂದೇ ಸಿಲಿಂಡರ್ ಗಂಡನ ಮೀನಿನ ತೊಟ್ಟಿಯದು, ನಳಿಗೆಯಿಂದ ನೀರಿಗೆ ಗುಳ್ಳೆ ಬಿಡುವಂಥದ್ದು. ಯಶವಂತನಿಗೆ ಶ್ವಾಸಕೋಶದ ಕ್ಯಾನ್ಸರ್. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಅವನು ತೊಟ್ಟಿಯ ತಳದ ಮಣ್ಣಿನಲ್ಲಿ ಚಿಮಟ ಹಿಡಿದು ಒಂದೊಂದೇ ಪುಟ್ಟ ಗಿಡ ಊರಿದ್ದ. ಸಾಸಿವೆ ಕಾಳಿನಷ್ಟು ಎಲೆ. ಹಬ್ಬಿದರೆ ತಳವೆಲ್ಲ ಜಮಖಾನ ಹಾಸಿದಂತೆ ಮುಚ್ಚುತ್ತದಂತೆ.

"ಮೂಲೆಯಿಂದ ಮೂಲೆಗೆ ತುಂಬಿದ್ದನ್ನ ಒಂದ್ಸಲ ನೋಡ್ಬಿಟ್ರೆ ಸಾಕು ಕಣೇ," ಎಂದಿದ್ದ.

ಅರ್ಧ ತಳ ತುಂಬಿದ್ದಾಗ ಅವನಿಗೆ ಉಸಿರು ಕಟ್ಟಿತು, ಆಂಬ್ಯುಲೆನ್ಸ್ ಬಂತು. ಹಿಂದೆಯೇ ಹೊರಟ ಆ ಗಾಬರಿಯಲ್ಲೂ ವನಜಾಳ ಕೈ ತೊಟ್ಟಿಯ ಸಿಲಿಂಡರನ್ನು ತಿರುಗಿಸಿ ಬಂದ್ ಮಾಡಿತು. ಅವನಿಲ್ಲದ ಮನೆಯಲ್ಲಿ ಅದನ್ನು ತೆರೆಯುವ ಧೈರ್ಯ ಅವಳಿಗೆ ಬರಲಿಲ್ಲ.

ಆಸ್ಪತ್ರೆಯಲ್ಲಿ ಅವನದು ದಿನಾ ಒಂದೇ ಪ್ರಶ್ನೆ. "ಹಬ್ತಾ ಇದ್ಯಾ?"

"ಹಬ್ತಿದೆ ರೀ."

ಎಲ್ಲಿಯ ಹಬ್ಬುವುದು! ಎಲೆ ಹಳದಿಯಾಗಿ, ಕೊಳೆತು, ಬೇರು ಬಿಟ್ಟು ಮೇಲೆ ತೇಲುತ್ತಿತ್ತು. ವನಜಾ ನೀರು ಬದಲಿಸಿದಳು, ದೀಪ ಹೆಚ್ಚು ಹೊತ್ತು ಉರಿಸಿದಳು, ಕೊನೆಗೆ ತುಳಸಿಗೆ ಮುಗಿದಂತೆ ತೊಟ್ಟಿಗೂ ಕೈ ಮುಗಿದಳು. ದೇವರು ಆ ಕಡೆ ತಿರುಗಿಯೂ ನೋಡಲಿಲ್ಲ.

ಬ್ರಿಸ್ಬೇನ್‌ನಲ್ಲಿ ಓದುತ್ತಿದ್ದ ಮಗಳು ಮಾಲವಿಕಾಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಗುಟ್ಟು ಬಯಲಾಯಿತು.

"ಅಮ್ಮಾ, ಸಿಲಿಂಡರ್ ಈಸ್ ಆಫ್! ಇಟ್ಸ್ ನಾಟ್ ಕುಕಿಂಗ್ ಗ್ಯಾಸ್. ಪ್ಲಾಂಟ್ಸ್ ನೀಡ್ ಇಟ್!"

ಅದರಲ್ಲಿದ್ದದ್ದು ಕಾರ್ಬನ್ ಡೈಆಕ್ಸೈಡ್, ನೀರಿನಡಿಯ ಗಿಡ ಬದುಕುವುದೇ ಆ ಗಾಳಿಯಿಂದ. ಗಿಡದ ಉಸಿರನ್ನು ತಾನೇ ಕಟ್ಟಿಸಿದ್ದಳು. ವನಜಾ ಸಿಲಿಂಡರ್ ತೆರೆದಳು. ಬರೀ ಮಣ್ಣಿನ ಮೇಲೆ ಗುಳ್ಳೆಗಳು ಎದ್ದವು.

ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಡಾಕ್ಟರು ಯಶವಂತನನ್ನು ಮನೆಗೆ ಕಳಿಸಿದರು. ತೊಟ್ಟಿಯ ಎದುರೇ ಮಂಚ, ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರ್. ಅವನು ಬೋಳು ತಳವನ್ನು ಬಹಳ ಹೊತ್ತು ನೋಡಿದ. ವನಜಾ ಎಲ್ಲ ಹೇಳಿ ಅತ್ತಳು.

"ನಾನೇ ಕೊಂದ್ಬಿಟ್ಟೆ ರೀ."

"ಅದೇನಂತ ನಿಂಗೆ ನಾನೇ ಹೇಳಿರ್ಲಿಲ್ಲ. ಮತ್ತೆ ನೆಟ್ರಾಯ್ತು ಬಿಡು."

ಯಾವ ಗಿಡವೂ ಅಷ್ಟು ಬೇಗ ಹಬ್ಬುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮಾರನೆಯ ಮಧ್ಯಾಹ್ನ ವನಜಾ ಔಷಧಿ ತರಲು ಹೊರಟಳು. ಬೀಗದ ಕೈ ಹಿಡಿದು, ಮನಸ್ಸು ಇನ್ನೆಲ್ಲೋ ಇದ್ದಾಗ, ಕೈ ತನ್ನಷ್ಟಕ್ಕೆ ತಾನೇ ಮಂಚದ ಪಕ್ಕದ ಸಿಲಿಂಡರಿನ ಮೇಲೆ ಹೋಯಿತು.

"ಏಯ್, ಇದೊಂದನ್ನ ಬಿಡೇ!"

ಬೆಂಕಿ ಮುಟ್ಟಿದವಳಂತೆ ಕೈ ಹಿಂದೆಳೆದುಕೊಂಡಳು. ಯಶವಂತ ನಗುತ್ತಿದ್ದ, ನಗಲೂ ಉಸಿರು ಸಾಲದೆ ಕೆಮ್ಮಿದ. ಕೆಮ್ಮು ನಿಂತ ಮೇಲೆ ಮೆಲ್ಲಗೆ ಹೇಳಿದ: "ನಾನು ಹೋದ್ಮೇಲೆ ನೀನೇ ಆಫ್ ಮಾಡು. ಬೇರೆ ಯಾರೂ ಬೇಡ. ನಿಂಗೆ ಅಭ್ಯಾಸ ಇದೆ."

ಮಾಲವಿಕಾ ವಿಮಾನ ಇಳಿದು ಬರುವಷ್ಟರಲ್ಲಿ ವನಜಾ ಮಂಚದ ಪಕ್ಕದ ಸಿಲಿಂಡರನ್ನು ಆಫ್ ಮಾಡಿದ್ದಳು. ತೊಟ್ಟಿಯದನ್ನು ಮಾತ್ರ ಮುಟ್ಟಲಿಲ್ಲ. ಏನೂ ಇಲ್ಲದ ಮಣ್ಣಿನ ಮೇಲೆ ಗುಳ್ಳೆಗಳು ಏಳುತ್ತಲೇ ಇದ್ದವು.