ಮೂರನೆಯ ಕರೆ

ಕಥೆ ಹೇಳುತ್ತಿದ್ದ ಯಂತ್ರದ ಬೆರಳು ಮೇಲೆದ್ದು ನಿಂತಿತು, ತುದಿ ಬೆಳ್ಳಗೆ, ಸುಣ್ಣ ಹತ್ತಿದಂತೆ — ಸುಣ್ಣವಲ್ಲ, ಪ್ಲಾಸ್ಟಿಕ್ಕು ಎಂದು ಧರ್ಣಪ್ಪನಿಗೆ ಗೊತ್ತು, ಆದರೂ ಕಣ್ಣು ಹುಕ್ರಪ್ಪನನ್ನೇ ಹುಡುಕಿತು, ಏಕೆಂದರೆ ಈ ಕಥೆಯನ್ನು ಮೊದಲು ಹೇಳಿದವನು ಅವನು, ಹೆಂಡತಿಯ ಅಣ್ಣ, ನೆರಿಯಕ್ಕೆ ಕರೆಂಟು ಬಂದ ವರ್ಷ, ಜಗಲಿಯಲ್ಲಿ ಬೀಡಿ ಕಟ್ಟುತ್ತ ಕುಳಿತವರಿಗೆ. ಹೇಳುತ್ತ ಹೇಳುತ್ತ ವೀಳ್ಯದೆಲೆಯನ್ನು ತೊಡೆಯ ಮೇಲೆ ಹರಡಿ, ಬೆರಳ ತುದಿಯ ಸುಣ್ಣವನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸುವನು, ಧರ್ಣಪ್ಪ ಹೂಂ ಎನ್ನುವ ತನಕ ಸುಣ್ಣ ಎಲೆಗಿಳಿಯದು, ಕಥೆ ಮುಂದೆ ಸಾಗದು, ದಾನೆ ಭಾವ, ಏನು, ಕೇಳ್ತಾ ಉಂಟಾ, ನಿನ್ನ ಹೂಂ ಇಲ್ಲದಿದ್ರೆ ಕಥೆಯ ಪ್ರೇತ ಕೂಡ ಅಲ್ಲೇ ನಿಲ್ತದೆ ಮಾರಾಯ, ಎನ್ನುವನು — ಹೋದ ವರ್ಷ ಆಟಿ ತಿಂಗಳ ಮಳೆಯಲ್ಲಿ ಅವನು ತೀರಿಕೊಂಡ, ಈಗ ಅದೇ ನೆರಿಯದ ಯುವಕ ಮಂಡಲದ ಕೋಣೆ, ಕುರ್ಚಿಗಳಲ್ಲಿ ಊರವರು, ಮೇಜಿನ ಮೇಲೆ ಈ ರೋಬೋಟು, ಪಕ್ಕದಲ್ಲಿ ಮೂಡುಬಿದಿರೆಯಿಂದ ಬಂದ ತೃಪ್ತಿ, ಸಂಶೋಧನೆಯಂತೆ, ಒಂದೇ ಕಥೆಯನ್ನು ಅದು ಎರಡು ರೀತಿ ಹೇಳ್ತದೆ ಅಜ್ಜ, ಒಂದು ಪುಸ್ತಕದ ಹಾಗೆ, ಇನ್ನೊಂದು ಹಳೆ ಕ್ಯಾಸೆಟ್ಟಿನಲ್ಲಿರುವ ನಿಮ್ಮ ಭಾವನ ಹಾಗೆ, ಜನ ಯಾವುದನ್ನು ನಂಬ್ತಾರೆ ನೋಡುವ, ಎರಡನೆಯದು ಬೇಡ ಅಂತ ನೀವು ಹೇಳಿದ್ರೆ ಇವತ್ತೇ ಅಳಿಸ್ತೇನೆ, ಎಂದಿದ್ದಳು.

ಅಳಿಸು ಎನ್ನಲೆಂದೇ ಧರ್ಣಪ್ಪ ಬಂದಿದ್ದ, ಸತ್ತವನ ಮಾತು ಯಂತ್ರದ ಬಾಯಿಗೇಕೆ, ಏನೇ ಆದರೂ ಹೂಂ ಎನ್ನಲಾರೆ ಎಂದು ಅಂಗಳ ದಾಟುವಾಗಲೇ ನಿಶ್ಚಯಿಸಿದ್ದ — ಮೊದಲ ರೀತಿ ಬಸ್ ನಿಲ್ದಾಣದ ಪ್ರಕಟಣೆಯಂತೆ ಮುಗಿಯಿತು, ಒಂದು ತಪ್ಪಿಲ್ಲ, ಒಂದು ಉಸಿರಿಲ್ಲ, ಅಂದು ಅದೇ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಮಿಸ್ರಿಯಾ ಮೊಬೈಲು ನೋಡುತ್ತ ಕುಳಿತಿದ್ದಳು. ಎರಡನೆಯದು ತೊಡಗುತ್ತಲೇ ತಲೆಯೆತ್ತಿ ನಕ್ಕಳು, ಅಲ್ಲಾ, ಇದು ಹುಕ್ರಪ್ಪಣ್ಣನೇ, ಕೆಮ್ಮು ಸಹ ಉಂಟು — ಯಂತ್ರ ಹೇಳುತ್ತಿತ್ತು, ಸೌದೆಗೆ ಹೋದ ಹುಡುಗಿಯನ್ನು ಕಾಡಿನೊಳಗಿಂದ ಸತ್ತ ತಾಯಿಯ ಸ್ವರ ಕರೆಯಿತಂತೆ, ಓಗೊಡಬಾರದು, ಪ್ರೇತ ಎರಡು ಸಲ ಕರೆದೀತು, ಮೂರನೆಯ ಸಲ ಕರೆಯಲು ಅದಕ್ಕೆ ಬಾರದು, ಮೂರು ಸಲ ಕರೆದವರು ನಮ್ಮವರೇ — ಎಂಬಲ್ಲಿಗೆ ಬೆರಳು ಎದ್ದದ್ದು, ಕಥೆ ನಿಂತದ್ದು. ದಾನೆ ಭಾವ, ಕೇಳ್ತಾ ಉಂಟಾ, ಎಂದಿತು ಯಂತ್ರ. ಧರ್ಣಪ್ಪಣ್ಣ, ನಿಮ್ಮನ್ನೇ ಕೇಳುವುದು, ಮಿಸ್ರಿಯಾ ಕೆಣಕಿದಳು, ಬಾಯಲ್ಲಿ ಎಲೆಯಡಿಕೆಯಾ? ಅವನು ತುಟಿ ಬಿಗಿದ, ಪ್ಲಾಸ್ಟಿಕ್ಕು, ಬರಿ ಪ್ಲಾಸ್ಟಿಕ್ಕು — ದಾನೆ ಭಾವ, ಕೇಳ್ತಾ ಉಂಟಾ, ಅದೇ ಕೆಮ್ಮು, ಅದೇ ಬೆರಳು, ಎರಡಾಯಿತು, ಇನ್ನೊಂದು, ಇನ್ನೊಂದೇ ಒಂದು ಸಲ ಕರೆದರೆ — ಎದೆಯಲ್ಲಿದ್ದ ಹೂಂ ಗಂಟಲವರೆಗೆ ಏರಿತ್ತು, ಬೇಡವೆಂದು ಕುಳಿತದ್ದು ಯಾವಾಗ ಕಾಯುತ್ತ ಕುಳಿತದ್ದಾಯಿತೋ — ಟಕ್ಕೆಂದು ಸದ್ದು, ರೋಬೋಟಿನ ದೀಪ ಆರಿತು, ಉತ್ತರ ಬಾರದಿದ್ರೆ ಎರಡೇ ಸಲ ಕೇಳುವ ಹಾಗೆ ಮಾಡಿದ್ದೇವೆ ಅಜ್ಜ, ತೃಪ್ತಿ ಹತ್ತಿರ ಬಂದಳು, ಹೇಳಿ, ಅಳಿಸುವುದಾ? ಬೆಳ್ತಂಗಡಿಯ ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಯಾರೋ ಎದ್ದರು, ಎಲ್ಲರೂ ಎದ್ದರು, ಕುರ್ಚಿ ಎಳೆದ ಸದ್ದು, ಬರ್ತೇನೆ ಧರ್ಣಪ್ಪಣ್ಣ ಎಂದು ಮಿಸ್ರಿಯಾ ಚಪ್ಪಲಿ ಹುಡುಕಿದಳು, ಅದು ಇನ್ನೊಂದು ಸಲ ಕರೀಲಿ ಮಗಾ, ಮತ್ತೆ ಹೇಳ್ತೇನೆ, ಧರ್ಣಪ್ಪ ತೃಪ್ತಿಗೆ ಅಂದನೇ, ಅಂದೆನೆಂದುಕೊಂಡನೇ, ಕೇಳಿದವರೆಲ್ಲ ಮನೆಯ ದಾರಿ ಹಿಡಿದಿದ್ದರು, ಬರಿದಾದ ಕೋಣೆಯಲ್ಲಿ ಆ ಬೆರಳು ಎತ್ತಿದಂತೆಯೇ ಇತ್ತು, ತುದಿಯಲ್ಲಿ ಬಿಳುಪು, ಎಲೆಗೆ ಇಳಿಯದೆ —