ಕರಿಕಾಳು ಕಾಯುವುದಿಲ್ಲ

ಏಳನೇ ಕ್ಲಾಸಿನ್ಯಾಗ ಸಾಲಿ ಬಿಟ್ಟಾವ ನನಗ ಟೈಮ್ ಕಲಸಾಕ ಬಂದಾನ ನೋಡ್ರಿ ಸಾವ್ಕಾರ್ರ — ಎಂಜಿನಿಯರ್ ಬಸವಲಿಂಗನ ಮಾತು ಸಿಂಧನೂರಿನ ಅಕ್ಕಿಮಿಲ್ಲಿನ ತಗಡಿಗೆ ಬಡಿದು ವಾಸಿಂನ ಕಿವಿಗೆ ಎರಡು ಸಲ ಬಂತು, ಒಮ್ಮೆ ಮಾತಾಗಿ, ಒಮ್ಮೆ ಹಮಾಲರ ನಗೆಯಾಗಿ, ಹೊನ್ನೂರಪ್ಪನೊಬ್ಬ ನಗಲಿಲ್ಲ, ಹೆಗಲ ಚೀಲ ಇಳಿಸದೆ ಹಾಗೇ ನಿಂತ — ವಾಸಿಂನದು ರೋಜಾ ಉಪವಾಸದ ಒಣ ಬಾಯಿ, ನಾಲಿಗೆಯ ಮೇಲೆ ತೌಡಿನ ಧೂಳು, ಕರಿಕಾಳು ಆರಿಸುವ ಯಂತ್ರದ ಗಾಜಿನ ಹಿಂದೆ ಅಕ್ಕಿ ಸುರಿಯುತ್ತಲೇ ಇದೆ, ಬೆಳ್ಳಗೆ, ಬೆಳ್ಳಗೆ, ನಡುವೆ ಒಂದು ಕರಿಕಾಳು, ಕ್ಯಾಮೆರಾ ಕಂಡಿತು, ಅದನ್ನು ಹೊರಗೆ ಊದಬೇಕಾದ ಗಾಳಿ ಫುಸ್ ಎಂದಿತು, ಅಷ್ಟರಲ್ಲಿ ಕಾಳು ದಾಟಿಹೋಗಿತ್ತು. ಸಾಲಿ ಬಿಟ್ಟಿದ್ದು ಖರೆ, ಗಂಟೆ ಹೊಡೆಯುವ ಮೊದಲೇ ಗೋಡೆ ಹಾರಿದವನು ಅವನು, ಮಸ್ಕಿಯ ಮೊಬೈಲ್ ಅಂಗಡಿಯಲ್ಲಿ ಬೆಸುಗೆ ಹಾಕುತ್ತಾ ಕಲಿತವನು, ಆದರೆ ಈ ಯಂತ್ರಕ್ಕೆ ಅವನು ಕೂಡಿಸಿದ್ದ ಸಣ್ಣ ಚಿಪ್ ಮೂರು ವರ್ಷದಲ್ಲಿ ಒಂದು ದಿನ ತಡ ಮಾಡಿತ್ತೇ? ಕಾಳು ಕ್ಯಾಮೆರಾದಿಂದ ಗಾಳಿಯ ತೂತಿನವರೆಗೆ ಬೀಳುವಷ್ಟು ಹೊತ್ತು ಎಣಿಸುವುದು, ಊದುವುದು, ಬೇರೆ ಕೆಲಸವೇ ಇಲ್ಲ ಅದಕ್ಕೆ. ಹೋದ ತಿಂಗಳು ಲಿಂಗಸುಗೂರಿನಿಂದ ಬಂದ ಬಸವಲಿಂಗ ಅದನ್ನು ಕಿತ್ತು ಕಸದ ಡಬ್ಬಿಗೆ ಒಗೆದ — ಲಿನಕ್ಸ್ ಕಂಪ್ಯೂಟರ್ ಕುಂದ್ರಿಸೀನಲ್ಲ, ಕ್ಯಾಮೆರಾನೂ ಅದ ನೋಡ್ತದ, ಗಾಳೀನೂ ಅದ ಬಿಡ್ತದ, ಸಾವ್ಕಾರ್ರ ಮೊಬೈಲಿಗೆ ವರದೀನೂ ಅದ ಕಳಸ್ತದ — ಈಗ ಕೊಂಡವರು ಒಂದು ಲಾರಿ ಅಕ್ಕಿ ತಿರುಗಿಸಿ ಕಳಿಸಿದ್ದಾರೆ, ಹಿಡಿ ಹಿಡಿಗೂ ಕರಿಕಾಳು, ತಪ್ಪು ಯಾರದು, ಗಾಳಿಯ ತೂತು ಒರೆಸುವ ವಾಸಿಂನದಂತೆ.

ಅವನು ಹೇಳಿದ್ದಾದರೂ ಎಷ್ಟು? ಸರ್, ಐದೈದು ನಿಮಿಷಕ್ಕ ಅದು ವರದಿ ಬರಿತೈತಲ್ರಿ, ಆವಾಗಷ್ಟ ಗಾಳಿ ತಡ ಆಗಾಕತ್ತೈತಿ, ಮೂರು ದಿನ ಮೊಬೈಲ್‌ನ್ಯಾಗ ವಿಡಿಯೋ ಹಿಡದು ನೋಡೀನಿ. ಅದಕ್ಕೆ ಬಸವಲಿಂಗ — ಲೇ, ಗಾಳಿ ಕೆಲಸಕ್ಕ ಎಲ್ಲಾದಕ್ಕಿಂತ ಮ್ಯಾಲಿನ ಪ್ರಯಾರಿಟಿ ಕೊಟ್ಟೀನಿ, ಸರಾಸರಿ ತಗದು ನೋಡು, ಅರ್ಧ ಮಿಲಿಸೆಕೆಂಡ್ ಸುದ್ದಾ ತಡ ಇಲ್ಲ. ಸರಾಸರಿ! ಅಮ್ಮಿ ಜುಬೇದಾಬೀ ಮಸ್ಕಿಯ ಮನೆಯಲ್ಲಿ ಖರ್ಜೂರ ಹಿಡಿದು ಮಸೀದಿಯ ಸೈರನ್ನಿಗೆ ಕಿವಿಗೊಟ್ಟು ಕೂತಿರುತ್ತಾಳೆ, ಠೈರ್ ರೇ, ತಡಿ, ಸೈರನ್ ಆಗ್ಲಿ, ಇಪ್ಪತ್ತೊಂಬತ್ತು ದಿನ ಹೊತ್ತಿಗೆ ಸರಿಯಾಗಿ ಉಪವಾಸ ಬಿಟ್ಟು ಒಂದೇ ಒಂದು ದಿನ ಮೊದಲೇ ಬಾಯಿಗಿಟ್ಟರೆ ಆ ರೋಜಾ ಮುರಿಯಿತು, ಸರಾಸರಿ ತೆಗೆದು ಅದನ್ನು ಉಳಿಸಿಕೊಡುವ ಮೌಲ್ವಿ ಯಾವ ಊರಲ್ಲಿದ್ದಾನೆ? ಪ್ರಯಾರಿಟಿಯಂತೆ, ತುರ್ವಿಹಾಳದ ಕಾಲುವೆ ಸೇತುವೆಯ ಮೇಲೆ ಸಾವ್ಕಾರನ ಗಾಡಿಗೆ ಎಲ್ಲರೂ ದಾರಿ ಬಿಡುತ್ತಾರೆ, ಎಮ್ಮೆ ಅಡ್ಡ ಮಲಗಿದ್ದರೆ? ಎಮ್ಮೆ ಏಳುವವರೆಗೆ ಸಾವ್ಕಾರನೂ ಕಾಯಬೇಕು, ಲಿನಕ್ಸಿನ ಹೊಟ್ಟೆಯಲ್ಲೂ ಅಂಥ ಎಮ್ಮೆಗಳಿವೆ, ಒಮ್ಮೆ ಹಿಡಿದರೆ ಮುಗಿಯುವವರೆಗೆ ದಾರಿ ಬಿಡದ ಕೆಲಸಗಳು, ಅವನ್ನು ಎಬ್ಬಿಸುವುದಕ್ಕೆಂದೇ ತಿದ್ದಿದ ಲಿನಕ್ಸೂ ಇದೆ, ವಾಸಿಂಗೆ ಗೊತ್ತು, ಬಸವಲಿಂಗ ಹಾಕಿರುವುದು ಅದಲ್ಲ, ಎಲ್ಲರಿಗೂ ಸರದಿ ಹಂಚುವ ಸಾಮಾನ್ಯದ್ದು, ಒಳ್ಳೆಯದೇ, ಆದರೆ ಬೀಳುವ ಕಾಳು ಸರದಿಯಲ್ಲಿ ನಿಲ್ಲುತ್ತದೆಯೇ? ನೋಡಪಾ ವಾಸಿಂ — ಇದು ಮಿಲ್ಲಿನ ಒಡೆಯ ಜಂಬಣ್ಣ ಸಾವ್ಕಾರ್ರ ಮೆತ್ತನೆಯ ದನಿ — ತೂತು ಸಾಫ್ ಮಾಡಿದ್ದಿಲ್ಲ, ತಪ್ಪು ನಂದ ಅಂತ ಎಲ್ಲಾರ ಮುಂದ ಒಂದು ಮಾತು ಅಂದುಬಿಡು, ನಿನ್ನ ಕೆಲಸ ನಿನಗಿರ್ತದ, ಸಾಹೇಬ್ರ ಮರ್ಯಾದಿ ಅವರಿಗಿರ್ತದ. ಅನ್ನಲ್ಲೇನಲೇ, ಹೊತ್ತಾಗಾಕತ್ತೈತಿ, ಅಂದ ಬಸವಲಿಂಗ. ಹೊತ್ತು! ಹೊತ್ತಿನ ಲೆಕ್ಕ ಇವನು ಹೇಳುತ್ತಾನೆ! ಹೊನ್ನೂರಪ್ಪನ ಹೆಗಲಿಂದ ಚೀಲ ಇನ್ನೂ ಇಳಿದಿಲ್ಲ, ಎಮ್ಮೆ, ಸೈರನ್, ಸರಾಸರಿ, ಎಲ್ಲ ಉತ್ತರಗಳೂ ಹಲ್ಲಿನ ಹಿಂದೆ ಒತ್ತಿ ನಿಂತಿವೆ, ಒಂದನ್ನೂ ಬಿಡಲಾರೆ ಇವರಿಗೆ, ಒಂದು ಅಕ್ಷರವನ್ನೂ. ವಾಸಿಂ ಬಗ್ಗಿದ, ತಿಂಗಳಿಂದ ಯಾರೂ ಬರಿದು ಮಾಡದ ಕಸದ ಡಬ್ಬಿಗೆ ಕೈ ಹಾಕಿದ, ತೌಡು ಕೊಡವಿ ತನ್ನ ಚಿಪ್ ಅನ್ನು ಅಂಗಿಯ ಜೇಬಿಗಿಟ್ಟ, ಬಾಗಿಲ ಕಡೆ ನಡೆದ, ಲೇ ವಾಸಿಂ, ಲೇ, ಹಿಂದೆ ಕೂಗು, ಕಂಪ್ಯೂಟರ್ ತೆರೆಯ ಮೇಲೆ ವರದಿಯ ಚಕ್ರ ತಿರುಗುತ್ತಿರಬೇಕು, ಐದು ನಿಮಿಷವಾಯಿತಲ್ಲ, ತಿರುಗಿ ನೋಡಲಿಲ್ಲ, ನೋಡಬೇಕಾಗಿಯೂ ಇಲ್ಲ, ಬಿಸಿಲು ಮುಖಕ್ಕೆ ಹೊಡೆಯಿತು, ಬೆಳ್ಳಗೆ, ಬೆಳ್ಳಗೆ — ಹಿಂದೆ ಯಂತ್ರದಲ್ಲಿ ಕಾಳು ಬಿತ್ತು, ಕರಿಕಾಳು, ಆಮೇಲೆ, ಫುಸ್.